‘ಹಾಳಾದೋನು’ ಎಂಬ ಮಾತಿಗೆ ಅರ್ಥವಿಲ್ಲವಂತೆ

ವೆಂಕಟಲಕ್ಷ್ಮಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಲಿ. ಇಪ್ಪತ್ತು ವರ್ಷ ಕಂಡಕಂಡವರ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಂಡು ಬಂದವಳಿಗೆ ಕೋಪ ಬರದೆ ಆನಂದಬಾಷ್ಪ ಬರುತ್ತದೆಯೇ? ಮೊದಲು ಮೌಂಟ್ ರೋಡಿನ ಹಿಂದಿನ ಗಲ್ಲಿಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದಳು. ಅದು ಮುಚ್ಚಿದ ಮೇಲೆ, ತೊಂಬತ್ತೇಳರಲ್ಲಿ, ವೇಲಚೇರಿಯ ಒಂದು ಕಂಪನಿಗೆ ಸೇರಿದಳು. ಅಮೆರಿಕ, ಇಂಗ್ಲೆಂಡಿನ ಪ್ರಕಾಶಕರು ಹಸ್ತಪ್ರತಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಇವರು ಭಾಷೆ ತಿದ್ದಿ, ಪುಟ ಕಟ್ಟಿ, ಅಚ್ಚಿಗೆ ಸಿದ್ಧ ಮಾಡಿ ವಾಪಸು ಕಳಿಸುತ್ತಿದ್ದರು. ಪರದೇಶದ ಪುಸ್ತಕ ವೇಲಚೇರಿಗೆ ಬಂದು ತಲೆ ಬಾಚಿಸಿಕೊಂಡು ಹೋಗುತ್ತದೆ ಎಂಬ ವಿಷಯವನ್ನು ಅದನ್ನು ಓದುವ ದೊರೆಗಳಿಗೆ ಯಾರೂ ಹೇಳಿರಲಿಲ್ಲ.

ಮೊದಮೊದಲು ಅವಳ ಪಾಲಿಗೆ ವೈದ್ಯಶಾಸ್ತ್ರದ ಪುಸ್ತಕಗಳು ಬರುತ್ತಿದ್ದವು. ಕಿಡ್ನಿ, ಲಿವರು, ಮೂಳೆ. ಎರಡು ಸಾವಿರದ ಒಂದರಲ್ಲಿ ಒಂದು ವಿಚಿತ್ರ ಸಾಮಾನು ಬಂತು. ‘ಉಪ್ಪಿನ ಕೋಟೆ’ ಎಂದು ಹುಡುಗರು ಕಂಪ್ಯೂಟರಿನಲ್ಲಿ ಆಡುವ ಒಂದು ಆಟವಂತೆ. ಆ ಆಟದ ಲೋಕವನ್ನು ಇಟ್ಟುಕೊಂಡು ಬರೆದ ಕಾದಂಬರಿಗಳಂತೆ. ಮಾಟಗಾರರು, ಕತ್ತಿಗಳು, ಮಾತಾಡುವ ನರಿಗಳು. ಆಫೀಸಿನ ಎಂ.ಎ. ಮಾಡಿದ ಹುಡುಗಿಯರೆಲ್ಲ ಮೂಗು ಮುರಿದರು. “ಇದು ಮೇಡಂಗೇ ಸರಿ, ಮೇಡಂಗೆ ತಾಳ್ಮೆ ಜಾಸ್ತಿ” ಎಂದು ಮ್ಯಾನೇಜರ್ ಪದ್ಮನಾಭ ಅದನ್ನು ವೆಂಕಟಲಕ್ಷ್ಮಿಯ ಮೇಜಿನ ಮೇಲೆ ಹಾಕಿದ. ಬೆಳಿಗ್ಗೆ ಕೋಪಿಷ್ಠೆ, ಮಧ್ಯಾಹ್ನ ತಾಳ್ಮೆಯ ಮೂರ್ತಿ. ಅವರವರ ಅನುಕೂಲ.

ಪದ್ಮನಾಭ ಮೈಸೂರಿನವನು. ಅಣ್ಣಾ ನಗರದಲ್ಲಿ ಮನೆ ಮಾಡಿದ್ದ, ಮದ್ರಾಸಿಗೆ ಬಂದು ಆರು ವರ್ಷವಾಗಿತ್ತು. ಇವಳ ಮನೆಯವರಾದರೋ ನಾಲ್ಕು ತಲೆಮಾರಿನಿಂದ ಇಲ್ಲೇ ಇದ್ದವರು. ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ, ಮಠದಲ್ಲಿ ಉಂಡು, ತಮಿಳಿನಲ್ಲಿ ಓದಿ, ಮನೆಯೊಳಗೆ ಮಾತ್ರ ಕನ್ನಡ ಇಟ್ಟುಕೊಂಡವರು. ಇಡೀ ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮೊದಲ ಪುಸ್ತಕ ಓದಿದಾಗ ಅವಳಿಗೆ ನಗು ಬಂತು. ಎರಡನೆಯದಕ್ಕೆ ಕೋಪ ಬಂತು. ಯಾಕೆಂದರೆ ಬರೆದ ಮಹಾನುಭಾವನಿಗೆ ತಾನು ಬರೆದದ್ದೇ ನೆನಪಿರುತ್ತಿರಲಿಲ್ಲ. ಮೊದಲ ಪುಸ್ತಕದಲ್ಲಿ ಸೇನಾಪತಿಯ ಎಡಗೈ ಕತ್ತರಿಸಿಹೋಗುತ್ತದೆ. ಎರಡನೆಯದರಲ್ಲಿ ಅದೇ ಸೇನಾಪತಿ ಎರಡೂ ಕೈಯಲ್ಲಿ ಬಿಲ್ಲು ಎಳೆಯುತ್ತಾನೆ. ಕೈಯೇನು ಬಾಳೆಗಿಡವೇ, ಕಡಿದರೆ ಮತ್ತೆ ಚಿಗುರಲು? ಬಂದರಿನಿಂದ ಕೋಟೆಗೆ ಒಂದು ಕಡೆ ಮೂರು ದಿನದ ದಾರಿ, ಇನ್ನೊಂದು ಕಡೆ ಹನ್ನೊಂದು ದಿನದ ದಾರಿ. ವೆಂಕಟಲಕ್ಷ್ಮಿ ಮಗಳು ತೃಪ್ತಿಯ ಹಳೆಯ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಎಲ್ಲವನ್ನೂ ಬರೆದಿಟ್ಟಳು. ಯಾರು ಸತ್ತರು, ಯಾರ ಕಣ್ಣು ಯಾವ ಬಣ್ಣ, ಯಾವ ಬಾಗಿಲು ಯಾವ ದಿಕ್ಕಿಗೆ. ಮೂರನೆಯ ಪುಸ್ತಕದ ಹೊತ್ತಿಗೆ ಆಟ ತಯಾರಿಸುವವರೇ ಪ್ರಕಾಶಕರ ಮೂಲಕ ಕೇಳಿ ಕಳಿಸುತ್ತಿದ್ದರು: ನರಿಗಳ ದೇವಸ್ಥಾನ ಹೊಳೆಯ ಈಚೆಗೋ ಆಚೆಗೋ? ಕ್ರೋಂಪೇಟೆಯಿಂದ ಗಿಂಡಿಗೆ ರೈಲು, ಗಿಂಡಿಯಿಂದ ವೇಲಚೇರಿಗೆ ಬಸ್ಸು ಹಿಡಿದು ಬರುವ ಒಬ್ಬ ಹೆಂಗಸು, ಒಂದು ದಿನವೂ ಆ ಆಟ ಆಡದವಳು, ನೋಟ್‌ಬುಕ್ ತೆಗೆದು ನೋಡಿ ಹೇಳುತ್ತಿದ್ದಳು: ಆಚೆಗೆ.

ಅವಳ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ಮದುವೆ ಪತ್ರಿಕೆಯಲ್ಲಿ ಅಡಿಗೆಯವರ ಹೆಸರು ಹಾಕಿಸುವುದುಂಟೇ? ಪ್ರೂಫ್ ನೋಡುವವರದೂ ಹಾಗೇ ಎಂದು ಅವಳು ಒಪ್ಪಿಕೊಂಡಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ನಾಲ್ಕನೆಯ ಪುಸ್ತಕ ಬಂತು, ಎರಡು ತಿಂಗಳು ತಡವಾಗಿ. ಅದರಲ್ಲಿ ಹೊಸ ರಾಜನೊಬ್ಬ. ರಾಜನಿಗೆ ಹೆಸರಿಲ್ಲ. ಹೆಸರು ಬರಬೇಕಾದ ಕಡೆಯಲ್ಲೆಲ್ಲ ಲೇಖಕ ಇಂಗ್ಲಿಷಿನ ಎಕ್ಸ್ ಅಕ್ಷರ ಮೂರು ಸಲ ಹೊಡೆದಿದ್ದ; ಹೆಸರು ಆಮೇಲೆ ಕಳಿಸುತ್ತೇನೆ ಎಂದು ಮೇಲೊಂದು ಚೀಟಿ. ಇವಳು ಮೊದಲ ವಾರ ಕೇಳಿದಳು, ರಾಜನ ಹೆಸರೇನು? ಎರಡನೆಯ ವಾರ ಕೇಳಿದಳು. ಮೂರನೆಯ ವಾರ ಕೇಳಿದಾಗ, ಲೇಖಕರು ರಜೆಯಲ್ಲಿದ್ದಾರೆ ಎಂದು ಕಂಪ್ಯೂಟರೇ ಉತ್ತರ ಕೊಟ್ಟಿತು. ಅಚ್ಚಿಗೆ ಕಳಿಸಲು ಉಳಿದದ್ದು ಐದು ದಿನ. ಹಿಂದೊಂದು ಸಲ ಬೇರೆ ಪುಸ್ತಕದಲ್ಲಿ ಇಂಥವೇ ಮೂರು ಎಕ್ಸ್‌ಗಳು ಹಾಗೇ ಅಚ್ಚಾಗಿ ಪದ್ಮನಾಭ ಕುಣಿದಾಡಿದ್ದ. ಆಮೇಲೆ ಅವನೇ ಮಾಡಿದ ನಿಯಮ: ಪುಟದಲ್ಲಿ ಎಕ್ಸ್ ಬಿಡಕೂಡದು, ಏನಾದರೂ ಒಂದು ಹೆಸರು ತುಂಬಿರಬೇಕು, ನಿಜವಾದ ಹೆಸರು ಬಂದ ಮೇಲೆ ಬದಲಾಯಿಸಿದರಾಯಿತು.

ವೆಂಕಟಲಕ್ಷ್ಮಿ ಕೆಂಪು ಪೆನ್ನು ಹಿಡಿದು ಕೂತಳು. ಮೈಯೆಲ್ಲ ಉರಿಯುತ್ತಿತ್ತು. ಕಣ್ಣೆದುರಿಗಿದ್ದ ಸಾಲು ಇದು: ರಾಣಿ ದಿನಾ ಮುಸ್ಸಂಜೆ ಬಾಗಿಲಿಗೆ ಬಂದು ಕೇಳುತ್ತಿದ್ದಳು, ‘ಎಕ್ಸ್ ಎಕ್ಸ್ ಎಕ್ಸ್ ಬಂದನೇ?’ ಕಥೆಯಲ್ಲಿ ಆ ರಾಜ ನೂರು ವರ್ಷ ತಡವಾಗಿ ಮನೆಗೆ ಬರುತ್ತಾನೆ. ಅವನಿಗೆಂದು ಬಡಿಸಿಟ್ಟ ಊಟ ತಟ್ಟೆಯಲ್ಲೇ ಧೂಳಾಗಿರುತ್ತದೆ. ಬರೆದವನ ಮೇಲಿನ ಸಿಟ್ಟೋ, ಆ ರಾಣಿಯ ಪ್ರಶ್ನೆಯೋ, ಕೈ ತಾನಾಗಿಯೇ ಓಡಿತು. ಎಕ್ಸ್‌ಗಳನ್ನು ಹೊಡೆದುಹಾಕಿ ಇಂಗ್ಲಿಷ್ ಅಕ್ಷರದಲ್ಲಿ ಬರೆದಳು: ಹಾಳಾದೋನು.

ಅದು ಅವಳ ಅಮ್ಮ ಜಯಲಕ್ಷ್ಮಮ್ಮನ ಮಾತು. ಅಪ್ಪನ ಹೆಸರನ್ನು ಅಮ್ಮ ಹೇಳುತ್ತಿರಲಿಲ್ಲ, ಹಳೆಯ ಕಾಲದ ಹೆಂಗಸು. ಊರವರಿಗೆ ಅವನು ಗುಂಡಣ್ಣ. ಅಮ್ಮನಿಗೆ ಎದುರಿಗೆ ‘ಏನೂಂದ್ರೆ’, ಹಿಂದೆ ‘ಹಾಳಾದೋನು’. ಹಾರ್ಬರಿನ ಕೆಲಸ ಮುಗಿಸಿ ನೇರವಾಗಿ ಮನೆಗೆ ಬಂದವನೇ ಅಲ್ಲ ಗುಂಡಣ್ಣ. ತಿರುವಲ್ಲಿಕ್ಕೇಣಿಯ ಕ್ಲಬ್ಬಿನಲ್ಲಿ ಇಸ್ಪೀಟಿನೆದುರು ಕೂತರೆ ಭೂಮಿ ಬಾಯಿ ಬಿಟ್ಟರೂ ಏಳುತ್ತಿರಲಿಲ್ಲ. ಅಮ್ಮ ಅವನ ಪಾಲಿನ ಅನ್ನವನ್ನು ಎತ್ತಿಟ್ಟು, ತಟ್ಟೆ ಮುಚ್ಚಿ, ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. “ಹಾಳಾದೋನು ಬಂದ್ನೇನೇ?” ಎಂದು ಮಗಳನ್ನು ಕೇಳುತ್ತಿದ್ದಳು. ಒಳಗೆ ಹೋಗುತ್ತ ತನ್ನಷ್ಟಕ್ಕೆ, “ಹಾಳಾದೋನು ಉಂಡನೋ ಇಲ್ವೋ” ಎನ್ನುತ್ತಿದ್ದಳು. ಎಪ್ಪತ್ತೊಂಬತ್ತರಲ್ಲಿ ಒಂದು ಸಂಜೆ ಕ್ಲಬ್ಬಿನವರು ಬಂದು, ಎಲೆ ಹಿಡಿದ ಕೈಯಲ್ಲೇ ಅವನು ಕುಸಿದು ಹೋದನೆಂದು ಹೇಳಿದರು. ಆ ಹೊತ್ತಿಗೂ ತಟ್ಟೆ ಮುಚ್ಚಿಟ್ಟೇ ಇತ್ತು. ಅಮ್ಮ ಅಲ್ಲಿಂದ ಮುಂದೆ ಇಪ್ಪತ್ತೊಂದು ವರ್ಷ ಬದುಕಿದಳು, ಆದರೆ ಆ ಮಾತನ್ನು ಮತ್ತೆ ಆಡಲಿಲ್ಲ. ಹಾಲಿನವನು ನೀರು ಬೆರೆಸಿದಾಗಲೂ ಆಡಲಿಲ್ಲ, ಬೆಕ್ಕು ಮೊಸರಿಗೆ ಬಾಯಿ ಹಾಕಿದಾಗಲೂ ಆಡಲಿಲ್ಲ.

ಇನ್ನು ಪುಸ್ತಕದ ಮಾತು. ತಿದ್ದಿದ ಹಾಳೆಗಳು ಪುಟ ಕಟ್ಟುವ ತಮಿಳರಸಿಯ ಕೈಗೆ ಹೋದವು. ಅವಳು ಕಂಪ್ಯೂಟರಿನಲ್ಲಿ ಇನ್ನೂರ ಹನ್ನೆರಡು ಕಡೆ ಹೆಸರು ತುಂಬಿದಳು, ಆದರೆ ಕೊನೆಯ ಉಕಾರವನ್ನು ಕಿತ್ತುಹಾಕಿದಳು. ಕೇಳಿದರೆ, “ಅಕ್ಕಾ, ಬಸ್ಸು, ಬುಕ್ಕು ಮಾದಿರಿ ನೀಂಗ ಉ ಪೋಟ್ಟೀಂಗನು ನೆನಚ್ಚೇನ್” ಎಂದಳು. ನಾವು ಬಸ್ಸಿಗೆ, ಬುಕ್ಕಿಗೆ ಒಂದು ಉ ಅಂಟಿಸುತ್ತೇವಲ್ಲ, ಅಕ್ಕ ಅದೇ ಅಭ್ಯಾಸದಲ್ಲಿ ಇಂಗ್ಲಿಷ್ ಹೆಸರಿಗೂ ಅಂಟಿಸಿದ್ದಾಳೆ ಎಂದು ಪಾಪ ಅವಳು ತಿಳಿದದ್ದು. ಮದ್ರಾಸಿನಲ್ಲಲ್ಲದೆ ಇನ್ನೆಲ್ಲಿ ಆಗಬೇಕು ಇಂಥ ತಪ್ಪು? ಪ್ರೂಫು ಅಮೆರಿಕಕ್ಕೆ ಹೋಯಿತು. ಹೆಸರಿನ ಪಕ್ಕದಲ್ಲಿ ವೆಂಕಟಲಕ್ಷ್ಮಿ ‘ಇದು ತಾತ್ಕಾಲಿಕ, ನಿಜವಾದ ಹೆಸರು ಕೊಡಿ’ ಎಂದು ಟಿಪ್ಪಣಿಯನ್ನೂ ಹಾಕಿದ್ದಳು. ವಾರದ ಮೇಲೆ ಉತ್ತರ ಬಂತು. ಇಡೀ ಪುಸ್ತಕಕ್ಕೆ ಒಂದೇ ಪದ: ‘ಚೆನ್ನಾಗಿದೆ’. ಅಷ್ಟೇ. ಪುಸ್ತಕ ಅಚ್ಚಾಯಿತು.

ಮರುವರ್ಷ ಹನ್ನೊಂದನೇ ಕ್ಲಾಸಿನ ತೃಪ್ತಿ ಗೆಳತಿಯ ಮನೆಯಲ್ಲಿ ಆ ಆಟ ಆಡಿ ಬಂದು, ಚಪ್ಪಲಿ ಬಿಡುತ್ತಲೇ ಆಟಕ್ಕೆ ಹೊಸ ರಾಜ ಬಂದ ಸುದ್ದಿ ಶುರುಮಾಡಿದಳು. “ಅಮ್ಮಾ, ಗೇಮ್‌ಲ ಪುದುಸಾ ಒರು ಕಿಂಗ್ ವಂದಿರುಕ್ಕಾನ್. ಹ್ಯಾಲಡಾನ್. ನೂರು ವರ್ಷ ಲೇಟಾಗಿ ಮನೆಗೆ ಬರ್ತಾನ್ ಮಾ. ಎಲ್ಲಾರಿಗೂ ಅವನೇ ಫೇವರಿಟ್.”

“ಏನಂದೆ? ಇನ್ನೊಂದು ಸಲ ಹೇಳು,” ಎಂದಳು ವೆಂಕಟಲಕ್ಷ್ಮಿ.

“ಹ್ಯಾಲಡಾನ್.” ಉಕಾರ ಕಳೆದುಕೊಂಡ ಹಾಳಾದೋನು ಇಂಗ್ಲಿಷ್ ಬಾಯಿಗೆ ಸಿಕ್ಕಿ ಹೀಗಾಗಿದ್ದ.

ಊಟಕ್ಕೆ ಕೂತಿದ್ದ ಗಂಡ ಕಿಟ್ಟುವಿಗೆ ಅವಳು ಸಂಗತಿ ಹೇಳಿದಾಗ ಅವನು ಸಾರು ನೆತ್ತಿಗೆ ಹತ್ತುವಷ್ಟು ನಕ್ಕ. “ಮಾವನವರು ಕಡೆಗೂ ರಾಜ ಆದ್ರು ಬಿಡೇ,” ಎಂದ. ಆ ದಿನ ಅವಳೂ ನಕ್ಕಳು. ಅಮ್ಮ ಇದ್ದಿದ್ದರೆ ಎಂದುಕೊಂಡಳು. ಆ ನಗು ಹೆಚ್ಚು ದಿನ ಉಳಿಯಲಿಲ್ಲ. ತೃಪ್ತಿ ಬ್ರೌಸಿಂಗ್ ಸೆಂಟರಿನಿಂದ ಲೇಖಕನ ಸಂದರ್ಶನವೊಂದನ್ನು ಪ್ರಿಂಟ್ ಹಾಕಿಸಿ ತಂದಳು. ಆ ಹೆಸರು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದ್ದಕ್ಕೆ ಆ ಪುಣ್ಯಾತ್ಮ ಹೇಳಿದ್ದ: ಒಂದು ಸರೋವರದ ದಂಡೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ, ಕಳೆದುಹೋದ ಯಾವುದೋ ಪ್ರಾಚೀನ ಭಾಷೆಯೇ ನನ್ನ ಕಿವಿಯಲ್ಲಿ ಉಸುರಿತು.

ಸರೋವರವಂತೆ. ವೇಲಚೇರಿಯಲ್ಲಿ ಮಳೆ ಬಂದಾಗ ಆಫೀಸಿನ ಮೆಟ್ಟಿಲವರೆಗೆ ನಿಲ್ಲುವ ನೀರೇ ಆ ಸರೋವರ, ಇನ್ನಾವುದು? ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ. ವೆಂಕಟಲಕ್ಷ್ಮಿ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ನೋಟ್‌ಬುಕ್ಕಿನೊಳಗೆ ಇಟ್ಟಳು. ಮೂರು ದಿನ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು.

ಎರಡು ಸಾವಿರದ ಆರರ ಜೂನ್‌ನಲ್ಲಿ ಪದ್ಮನಾಭ ಅವಳನ್ನು ತನ್ನ ಕೋಣೆಗೆ ಕರೆದ. ಮೇಜಿನ ಮೇಲೆ ಒಂದು ಹಾಳೆ ಇತ್ತು. ಆ ರಾಜನ ಹೆಸರಿನಲ್ಲಿ ಪ್ರಕಾಶಕರು ಈಗ ಗೊಂಬೆ, ಅಂಗಿ, ಸಿನಿಮಾ ಎಲ್ಲ ಮಾಡಲು ಹೊರಟಿದ್ದರಂತೆ. ಅವರ ವಕೀಲರು ಮೂಲ ಹಸ್ತಪ್ರತಿ ತೆಗೆದು ನೋಡಿದರೆ ಹೆಸರಿನ ಜಾಗದಲ್ಲಿ ಮೂರು ಎಕ್ಸ್. ಹಾಗಾದರೆ ಹೆಸರು ಹಾಕಿದ್ದು ಯಾರು ಎಂದು ಹುಡುಕಿಕೊಂಡು ಬಂದು ವೇಲಚೇರಿ ಮುಟ್ಟಿದ್ದರು. ಅಂದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದ್ದ ಹಾಳೆಯಲ್ಲಿ ಹೀಗಿತ್ತು: ಈ ಪದವನ್ನು ಕಲ್ಪಿಸಿದವರು ಲೇಖಕರು. ಕೆಳಗೆ ಸಹಿ ಮಾಡಿದವರಿಗೆ ತಿಳಿದ ಯಾವ ಭಾಷೆಯಲ್ಲೂ ಈ ಪದಕ್ಕೆ ಅರ್ಥವಿಲ್ಲ. ಇದರ ಮೇಲೆ ಅವರಿಗೆ ಯಾವ ಹಕ್ಕೂ ಇಲ್ಲ.

“ಸುಮ್ನೆ ಒಂದು ಫಾರ್ಮಾಲಿಟಿ, ಮೇಡಂ,” ಎಂದ ಪದ್ಮನಾಭ. “ನೀವು ಸೈನ್ ಮಾಡಿ. ಸಾಕ್ಷಿಗೆ ನಾನು ಮಾಡ್ತೀನಿ.”

“ಹಕ್ಕು ಬೇಡ, ತೊಗೊಳ್ಳಲಿ. ಆದರೆ ಅರ್ಥ ಇಲ್ಲಾಂತ ಹೇಗ್ರೀ ಬರೆಯೋದು? ಅರ್ಥ ಇದೆಯಲ್ಲ.”

“ಅದು ನಮ್ಮಿಬ್ಬರಿಗೆ ತಾನೆ ಗೊತ್ತಿರೋದು.”

“ಅದಕ್ಕೇ ಕೇಳ್ತಿದೀನಿ.”

ಅವನು ಕುರ್ಚಿಯಲ್ಲಿ ಒರಗಿದ. “ನೋಡಿ, ಅರ್ಥ ಇದೆ ಅಂದ್ರೆ ಅದು ಎಲ್ಲಿಂದ ಬಂತು ಅಂತ ಕೇಳ್ತಾರೆ. ಸರೋವರದ ಕಥೆ ಸುಳ್ಳಾಗುತ್ತೆ. ಅವ್ರ ಕೆಲಸ ನಮ್ಮ ಕೈ ಬಿಟ್ಟು ಹೋಗುತ್ತೆ. ಶುಕ್ರವಾರದೊಳಗೆ ಸೈನ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋಕೆ ನನಗಾಗಲ್ಲ. ಖುಲ್ಲಂಖುಲ್ಲಾ ಹೇಳಿಬಿಟ್ಟಿದೀನಿ.”

ನಲವತ್ತೆಂಟು ವರ್ಷದ ಹೆಂಗಸು. ಇಪ್ಪತ್ತೆರಡರ ಹುಡುಗಿಯರು ಸಾಲುಗಟ್ಟಿ ನಿಂತಿರುವ ಊರು. ಆ ಮೇಜು, ಆ ಕಿಟಕಿ, ಆ ಕೆಂಪು ಪೆನ್ನು ಬಿಟ್ಟರೆ ಅವಳಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಐದನೆಯ ಪುಸ್ತಕವೂ ಬರುವುದರಲ್ಲಿತ್ತು. ಬೈದರೂ ಸರಿ, ಆ ಲೋಕವನ್ನು ಅವಳು ತನ್ನ ಅಡುಗೆಮನೆಯ ಡಬ್ಬಗಳಂತೆ ಬಲ್ಲವಳಾಗಿದ್ದಳು, ಅದರ ಮೇಲೆ ಅವಳಿಗೆ ಆಸೆಯಿತ್ತು. ಮನೆಗೆ ಬಂದು ಕಿಟ್ಟುವಿಗೆ ಹೇಳಿದಳು.

“ಸೈನ್ ಹಾಕಿ ಬಿಸಾಕೇ,” ಎಂದ ಕಿಟ್ಟು. ಒಳ್ಳೆಯ ಮನುಷ್ಯ, ಜಗಳ ಎಂದರೆ ಅವನಿಗೆ ಜ್ವರ ಬರುತ್ತಿತ್ತು. “ಒಂದು ಬೈಗುಳಕ್ಕೋಸ್ಕರ ಯಾರಾದ್ರೂ ಕೆಲಸ ಬಿಡ್ತಾರಾ? ನಿಮ್ಮಮ್ಮ ಏನು ವೇದ ಹೇಳಿದ್ರಾ? ಬೈದ್ರು, ಅಷ್ಟೆ.”

“ಹೌದು. ಬೈದಳು,” ಎಂದಳು ವೆಂಕಟಲಕ್ಷ್ಮಿ. “ಬೈದು ಅನ್ನ ಎತ್ತಿಟ್ಟಳು. ಅಪ್ಪ ಹೋದ ಮೇಲೆ ಆ ಮಾತನ್ನ ಯಾರಿಗೂ ಕೊಡ್ಲಿಲ್ಲ ಅವಳು. ಅದಕ್ಕೆ ಅರ್ಥ ಇಲ್ಲಾಂತ ನಾನು ಬರೆದು ಕೊಡ್ಲಾ?”

ಕಿಟ್ಟು ಎದ್ದ. ಕಾಫಿ ಲೋಟ ತಾನೇ ತೊಳೆದಿಟ್ಟ.

ಶುಕ್ರವಾರ ಮಧ್ಯಾಹ್ನ ಅವಳು ಪದ್ಮನಾಭನ ಕೋಣೆಗೆ ಹೋದಳು. ಹಾಳೆಯ ಕೆಳಗೆ ಸಾಕ್ಷಿಯ ಜಾಗದಲ್ಲಿ ಅವನ ಸಹಿ ಆಗಲೇ ಬಿದ್ದಿತ್ತು. ಅದನ್ನು ನೋಡಿದ ಮೇಲೆ ಅವಳಲ್ಲಿ ಉಳಿದಿದ್ದ ಒಂದಿಷ್ಟು ಅಳುಕೂ ಸುಟ್ಟುಹೋಯಿತು.

“ನಿಮಗೆ ತಿಳಿದ ಯಾವ ಭಾಷೆಯಲ್ಲೂ ಅರ್ಥ ಇಲ್ಲ. ಅಲ್ವೇ ಪದ್ಮನಾಭ?” ಎಂದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ‘ಸರ್’ ಬಿಟ್ಟಿದ್ದಳು. “ಮೈಸೂರಲ್ಲಿ ನಿಮ್ಮಮ್ಮ ನಿಮ್ಮನ್ನ ಈ ಮಾತಲ್ಲಿ ಎಷ್ಟು ಸಲ ಬೈದಿದಾರೆ? ಲೆಕ್ಕ ಬೇಡ. ಬೈದಿದಾರೋ ಇಲ್ವೋ, ಅಷ್ಟೇ ಹೇಳಿ.”

ಅವನು ಕಿಟಕಿಯ ಕಡೆ ನೋಡಿದ. “ಮೇಡಂ, ನನಗೂ ಸಂಸಾರ ಇದೆ.”

“ಎಲ್ಲರಿಗೂ ಇದೆ. ನಾನೇನು ಮರದ ಮೇಲಿಂದ ಇಳಿದು ಬಂದಿಲ್ಲ.”

ಅವಳು ಅವನ ಮೇಜಿನ ಮೇಲೇ ಹಾಳೆಯನ್ನು ಇಟ್ಟುಕೊಂಡು, ಕೆಂಪು ಪೆನ್ನು ತೆಗೆದು, ಪ್ರೂಫ್ ತಿದ್ದುವ ಹಾಗೆ ತಿದ್ದಿದಳು. ‘ಅರ್ಥವಿಲ್ಲ’ ಎಂಬಲ್ಲಿ ಗೆರೆ ಎಳೆದು ‘ಇದೆ’ ಮಾಡಿದಳು. ಹೆಸರಿನ ಕೊನೆಗೆ ಸೇರ್ಪಡೆಯ ಗುರುತು ಹಾಕಿ ಬಿಟ್ಟುಹೋದ ಉಕಾರವನ್ನು ಸೇರಿಸಿದಳು. ಅಂಚಿನಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಳು. ಮೊದಲನೆಯದು: ಕನ್ನಡ ಮಾತು, ಅರ್ಥ ‘ಕೆಟ್ಟುಹೋದವನು’. ಎರಡನೆಯದು: ಹೀಗೆ ಬೈಯುವವಳು ಅವನಿಗೆ ಅನ್ನ ಎತ್ತಿಟ್ಟು ಕಾಯುತ್ತಿರುತ್ತಾಳೆ. ಸಹಿಯ ಜಾಗವನ್ನು ಖಾಲಿ ಬಿಟ್ಟಳು. ಬಿಟ್ಟವಳೇ ಜೊತೆಗೆ ತಂದಿದ್ದ ನೋಟ್‌ಬುಕ್ ಎತ್ತಿಕೊಂಡಳು.

“ಆ ನೋಟ್‌ಬುಕ್ ಕಂಪನಿದು, ಮೇಡಂ,” ಎಂದ ಪದ್ಮನಾಭ.

ಅವಳು ರಟ್ಟನ್ನು ಅವನ ಮುಖಕ್ಕೆ ಹಿಡಿದಳು. ಅದರ ಮೇಲೆ ತೃಪ್ತಿಯ ಹೆಸರು, ಏಳನೇ ಕ್ಲಾಸು, ಬಿ ಸೆಕ್ಷನ್, ಗಣಿತ ಎಂದಿತ್ತು. ಬಾಗಿಲಲ್ಲಿ ತಮಿಳರಸಿ ಅಳುತ್ತ ನಿಂತಿದ್ದಳು, ಎಲ್ಲ ತನ್ನಿಂದಲೇ ಆಯಿತು ಎಂದು. “ನಿನ್ನಿಂದ ಹೋಗಿದ್ದು ಒಂದು ಉ ಮಾತ್ರ ಕಣೇ,” ಎಂದು ಅವಳ ಭುಜ ತಟ್ಟಿ ವೆಂಕಟಲಕ್ಷ್ಮಿ ಬಸ್‌ಸ್ಟಾಪಿಗೆ ನಡೆದಳು.

ಆಮೇಲೆ ಕ್ರೋಂಪೇಟೆಯಲ್ಲೇ ಇಂಜಿನಿಯರಿಂಗ್ ಕಾಲೇಜಿನ ಹುಡುಗರ ಪ್ರಾಜೆಕ್ಟ್ ರಿಪೋರ್ಟುಗಳನ್ನು ತಿದ್ದಿ ಕೊಡುತ್ತ ಕಾಲ ಹಾಕಿದಳು. ಅವರ ಇಂಗ್ಲಿಷ್ ನೋಡಿದರೆ ಆ ಅಮೆರಿಕದವನೇ ವಾಸಿ ಎನ್ನಿಸುತ್ತಿತ್ತು, ಹಾಗೆನ್ನಿಸಿದ್ದಕ್ಕೆ ಇನ್ನಷ್ಟು ಕೋಪ ಬರುತ್ತಿತ್ತು. ವೇಲಚೇರಿಯಿಂದ ಫೋನು ಬರಲಿಲ್ಲ. ಪದ್ಮನಾಭ ಬೇರೊಂದು ಹಾಳೆ ತಯಾರಿಸಿ, ಕನ್ನಡದ ಗಂಧವೇ ಇಲ್ಲದ ಯಾರಿಂದಲೋ ಸಹಿ ಹಾಕಿಸಿ ಕಳಿಸಿದನೆಂದು ತಮಿಳರಸಿ ಹೇಳಿದಳು. ಜೊತೆಗೆ, ಕೆಂಪು ಶಾಯಿಯ ಹಾಳೆಯೂ ಸ್ಕ್ಯಾನ್ ಆಗಿ ಅಮೆರಿಕಕ್ಕೆ ಹೋಗಿದೆ, ವಕೀಲರು ನೋಡಬೇಕೆಂದು ತರಿಸಿಕೊಂಡರು ಎಂದಳು. ಹೋಗಲಿ ಬಿಡು, ಓದಿಕೊಳ್ಳಲಿ ಎಂದುಕೊಂಡಿದ್ದಳು ವೆಂಕಟಲಕ್ಷ್ಮಿ.

ಎರಡು ಸಾವಿರದ ಎಂಟರಲ್ಲಿ ಐದನೆಯ ಪುಸ್ತಕ ಬಂತು. ಅಷ್ಟು ಹೊತ್ತಿಗೆ ಕಾಲೇಜು ಸೇರಿದ್ದ ತೃಪ್ತಿ ಅದನ್ನು ತಂದು ಅಮ್ಮನ ಮುಂದೆ ಇಟ್ಟಳು. ಹನ್ನೊಂದನೆಯ ಪುಟದಲ್ಲೇ ಸೇನಾಪತಿಯ ಎಡಗೈ ಮತ್ತೆ ಚಿಗುರಿತ್ತು. ನರಿಗಳ ದೇವಸ್ಥಾನ ಹೊಳೆಯ ಈಚೆಗೆ ಬಂದು ಕೂತಿತ್ತು. ವೆಂಕಟಲಕ್ಷ್ಮಿಗೆ ಎರಡು ವರ್ಷದಲ್ಲಿ ಮೊದಲ ಸಲ ಒಳ್ಳೆಯ ಖುಷಿಯಾಯಿತು. ಅನುಭವಿಸಿ, ಎಂದಳು. ಪುಟ ತಿರುವುತ್ತ ತಿರುವುತ್ತ ಕೊನೆಗೆ ಬಂದಳು. ಕೊನೆಯಲ್ಲಿ ‘ಪ್ರಾಚೀನ ಭಾಷೆಯ ಪದಗಳು’ ಎಂದು ಲೇಖಕನೇ ಸಿದ್ಧಪಡಿಸಿದ ಒಂದು ಪಟ್ಟಿ ಇತ್ತು. ಅದರಲ್ಲಿ ಒಂಬತ್ತನೆಯ ಸಾಲು: ಹ್ಯಾಲಡಾನ್, ಅಂದರೆ ‘ಕೆಟ್ಟುಹೋದವನು’.

ಅವಳು ಆ ಸಾಲನ್ನು ಮೂರು ಸಲ ಓದಿದಳು. ಅರ್ಥವೇ ಇಲ್ಲ ಎಂದು ಬರೆಸಿಕೊಂಡವರು, ಅವಳು ಬರೆದ ಅರ್ಥವನ್ನೇ ಎತ್ತಿಕೊಂಡಿದ್ದರು. ಇಂಗ್ಲಿಷಿನ ಪದ ಕೂಡ ಅವಳದೇ, ಅಲ್ಪವಿರಾಮವೂ ಅವಳದೇ. ಹೆಸರು ಹೋಯಿತು, ಕೆಲಸ ಹೋಯಿತು, ಈಗ ಅರ್ಥವೂ ಹೋಯಿತು. ಬಿಟ್ಟುಹೋಗಿದ್ದು ಎರಡನೆಯ ಸಾಲು. ಅನ್ನದ ಸಾಲು. ಅದು ಅವರಿಗೆ ಬೇಕಾಗಿರಲಿಲ್ಲ.

“ಎನ್ನಮ್ಮಾ ಆಚ್ಚು, ಏನಾಯ್ತು?” ಎಂದಳು ತೃಪ್ತಿ, ಅಮ್ಮನ ಮುಖ ನೋಡಿ.

“ಕೆಂಪು ಪೆನ್ನು ತೊಗೊಂಡು ಬಾ.”

ಅಚ್ಚಾದ ಪುಸ್ತಕದ ಮೇಲೆ ಅವಳು ಎಂದೂ ಬರೆದವಳಲ್ಲ. ಅಂದು ಬರೆದಳು. ಹೆಸರಿಗೆ ಉಕಾರ ಸೇರಿಸಿದಳು. ಅರ್ಥದ ಮುಂದೆ ಸೇರ್ಪಡೆಯ ಗುರುತು ಹಾಕಿ, ಬಿಟ್ಟುಹೋದ ಸಾಲನ್ನು ಅಂಚಿನಲ್ಲಿ ಪೂರ್ತಿ ಬರೆದಳು. ಸೇನಾಪತಿಯ ಕೈಯನ್ನೂ ಕತ್ತರಿಸಿದಳು, ದೇವಸ್ಥಾನವನ್ನೂ ಹೊಳೆ ದಾಟಿಸಿದಳು. ಅರ್ಧ ಕೆಲಸ ಮಾಡಿ ಅಭ್ಯಾಸವಿರಲಿಲ್ಲ ಅವಳಿಗೆ. ಕೊನೆಯ ಪುಟದ ಕೆಳಗೆ, ಪ್ರೂಫ್ ನೋಡಿದವರು ಎಂದು ಬರೆದು, ಕನ್ನಡದಲ್ಲಿ ತನ್ನ ಪೂರ್ತಿ ಹೆಸರು ಹಾಕಿದಳು. ಮರುದಿನ ಕ್ರೋಂಪೇಟೆಯ ಪೋಸ್ಟಾಫೀಸಿನಲ್ಲಿ ಅದನ್ನು ಪ್ರಕಾಶಕರ ವಿಳಾಸಕ್ಕೆ, ಲೇಖಕನ ಹೆಸರಿಗೆ ರಿಜಿಸ್ಟರ್ ಮಾಡಿ ಕಳಿಸಿದಳು. ಜೊತೆಗೆ ಕಾಗದ ಬರೆಯಲಿಲ್ಲ.

ಎರಡು ತಿಂಗಳಾಯಿತು, ನಾಲ್ಕು ತಿಂಗಳಾಯಿತು. ಉತ್ತರ ಬರಲಿಲ್ಲ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ವೆಂಕಟಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಅವನು ಪಕ್ಕದ ಮನೆಗೆ ಕಾಗದ ಹಾಕಿ ಸೈಕಲ್ ತಿರುಗಿಸಿಕೊಂಡು ಹೋಗುತ್ತಿದ್ದ. ಅವಳು ಒಳಗೆ ಬರುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು:

“ಹಾಳಾದೋನು ಓದಿದನೋ ಇಲ್ವೋ.”